ಅರವತ್ತು ದಾಟಿದ ಮೇಲಿನ ನಡುಕ

ಬಟ್ಟೆಮಲ್ಲಪ್ಪದ ಅಂಗಡಿಸಾಲು ದಾಟಿ ರಸ್ತೆ ನೇರವಾಗುವ ಕಡೆ ಗಾಡಿಯ ವೇಗದ ಮುಳ್ಳು ಅರವತ್ತರ ಮೇಲೆ ಹೋಯಿತೋ ಇಲ್ಲವೋ, ಸ್ಟೇರಿಂಗು ನಡುಗಲು ಶುರುಮಾಡುತ್ತಿತ್ತು. ಮೊದಲು ಬೆರಳ ತುದಿಗೆ ತಿಳಿಯುತ್ತಿತ್ತು, ಆಮೇಲೆ ಅಂಗೈಗೆ, ಆಮೇಲೆ ಮೊಣಕೈವರೆಗೂ ಹತ್ತುತ್ತಿತ್ತು. ಎಂಬತ್ತಕ್ಕೆ ಹೋದರೆ ತಾನಾಗಿಯೇ ನಿಲ್ಲುತ್ತಿತ್ತು. ಆದರೆ ಹೊಸನಗರದ ಆ ದಾರಿಯಲ್ಲಿ ಎಂಬತ್ತಕ್ಕೆ ಹೋಗುವವರು ಒಂದೋ ಹುಚ್ಚರು, ಇಲ್ಲವೇ ಬಸ್ಸಿನವರು. ಶ್ಯಾಮಲಾ ಎರಡೂ ಅಲ್ಲ. ಅವಳು ಅರವತ್ತೈದರಲ್ಲಿ, ನಡುಕದ ನಟ್ಟನಡುವೆ, ಹಾಯಾಗಿ ಗಾಡಿ ಓಡಿಸುತ್ತಿದ್ದಳು.

ಹಾಯಾಗಿ ಅಂದದ್ದು ಬಾಯಿತಪ್ಪಿ ಅಲ್ಲ. ಬೇರೆ ಯಾರೇ ಆಗಿದ್ದರೂ ಮಾರನೇ ದಿನವೇ ಗ್ಯಾರೇಜಿನ ಮುಂದೆ ಹೋಗಿ ನಿಲ್ಲುತ್ತಿದ್ದರು. ಶ್ಯಾಮಲಾಗೆ ಆ ನಡುಕ ಬೇಕಾಗಿತ್ತು. ಮಾರ್ಗಶಿರದ ಮಂಜಿನಲ್ಲಿ ರಸ್ತೆಬದಿಯ ಮರಗಳು ಒಂದೊಂದಾಗಿ ಎದ್ದು ಬಂದು, ಗಾಡಿಯನ್ನು ನೋಡಿ, ಮತ್ತೆ ಮಂಜಿನೊಳಕ್ಕೆ ಹೋಗಿ ಮಲಗುತ್ತಿದ್ದವು. ದನಗಳು ಬರೀ ಕೊಂಬಾಗಿ ಬರುತ್ತಿದ್ದವು, ಸೈಕಲ್ಲುಗಳು ಬರೀ ಗಂಟೆಯ ಸದ್ದಾಗಿ. ಆ ಬಿಳಿಯ ನಡುವೆ ತನ್ನ ಕೈಯೊಳಗೆ ಒಂದೇ ಸಮನೆ ಗುರುಗುಡುವ ಚಕ್ರವೊಂದೇ ನಿಜ ಅನಿಸುತ್ತಿತ್ತು ಅವಳಿಗೆ. ನಡುಗು, ನಡುಗು, ಎಂದು ಅದಕ್ಕೆ ಮೆಲ್ಲಗೆ ಹೇಳುತ್ತಿದ್ದಳು. ನಡುಗುವುದು ನೀನು, ನಾನಲ್ಲ.

ಶ್ಯಾಮಲಾ ಸಾಗರದ ಗುಡಿಗಾರರ ಮನೆಯವಳು. ಗಂಧ, ಶಿವನೆ, ಹಲಸು, ಯಾವ ಮರ ಕೊಟ್ಟರೂ ಅದರೊಳಗೆ ಮಲಗಿರುವ ದೇವರನ್ನು ಎಬ್ಬಿಸುವ ಮನೆತನ. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಉಳಿ ಹಿಡಿದವಳು ಇವಳೊಬ್ಬಳೇ. ಹೆಂಗಸು ಕೆತ್ತಿದ ದೇವರೇ ಎಂದು ಮೂಗು ಮುರಿದು ಬಂದವರು, ಮೂರ್ತಿ ನೋಡಿದ ಮೇಲೆ ಮುರಿದ ಮೂಗನ್ನು ನೇರ ಮಾಡಿಕೊಂಡು ಹೋಗಿದ್ದರು. ನಲವತ್ತೈದು ದಾಟಿದ ಈ ಹೊತ್ತಿಗೆ ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವಳ ಅಪ್ಪ ಗಿರಿಯಪ್ಪನ ಕೈ ನಡುಗುವುದನ್ನು ಕೇರಿಗೆ ಕೇರಿಯೇ ನೋಡಿತ್ತು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ತನ್ನ ಉಳಿಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಸುತ್ತಿ, "ಇನ್ನು ನೀನು ನೋಡ್ಕೊ ಮಗಳೇ" ಎಂದು ಅವಳ ಮಡಿಲಿಗೆ ಇಟ್ಟವನು ಮತ್ತೆ ಮರ ಮುಟ್ಟಲಿಲ್ಲ. ಬಾಯಿಗೇನೂ ಕಡಿಮೆಯಾಗಿರಲಿಲ್ಲ. "ನನ್ ಕಾಫಿಗೆ ಸಕ್ರೆ ಹಾಕಿ ಕೊಟ್ರೆ ಸಾಕು, ಕಲಸದು ನಾನೇ ಕಲಸ್ಕಂತೀನಿ" ಎಂದು ನಡುಗುವ ಲೋಟ ಹಿಡಿದು ತಾನೇ ನಗುತ್ತಿದ್ದ. ಆದರೆ ದಿನಾ ಬೆಳಿಗ್ಗೆ ಬಂದು ಮಗಳ ಎದುರು ಕೂತು, ಅವಳು ಕೆತ್ತುವಾಗ ತನ್ನ ಖಾಲಿ ಬೆರಳುಗಳನ್ನು ಅವಳ ಬೆರಳಿನ ಹಿಂದೆ ಹಿಂದೆಯೇ ಆಡಿಸುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಶ್ಯಾಮಲಾ ಉಳಿಯ ಮೇಲೆ ಇನ್ನಷ್ಟು ಬಗ್ಗುತ್ತಿದ್ದಳು. ಕೈ ನಡುಗಿತು ಎಂದರೆ ಕೆಲಸ ಮುಗಿಯಿತು, ಇಷ್ಟೇ ಅವಳು ಕಂಡುಕೊಂಡದ್ದು.

ಹಾಗಿರುವಾಗ ನವರಾತ್ರಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಪುಟ್ಟ ಗಣಪತಿಯ ಸೊಂಡಿಲಿನ ಸುಕ್ಕು ತೆಗೆಯುತ್ತಿದ್ದಾಗ, ಉಳಿಯ ತುದಿ ಮರಕ್ಕೆ ತಾಗುವ ಮೊದಲೇ ಗಾಳಿಯಲ್ಲಿ ಏನನ್ನೋ ಬರೆಯುವುದು ಅವಳಿಗೆ ಕಂಡಿತು. ಉಳಿಯನ್ನು ಕೆಳಗಿಟ್ಟಳು. ಎದ್ದು ಹೋಗಿ ಕಾಫಿ ಕಾಸಿದಳು. ಕುಡಿಯಲಿಲ್ಲ. ಅಪ್ಪಯ್ಯ ನೋಡಿದನೇ ಎಂದು ಬಾಗಿಲ ಸಂದಿಯಿಂದ ಬಗ್ಗಿ ನೋಡಿದಳು. ಅವನು ಗೋಡೆಗೆ ಒರಗಿ ತೂಕಡಿಸುತ್ತಿದ್ದ.

ಅದೇ ವಾರ ಗಾಡಿಯ ಸ್ಟೇರಿಂಗು ನಡುಗಿತು. ಶ್ಯಾಮಲಾಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಅಯ್ಯೋ, ಇದಾ! ಮರ ತರಲು, ಮೂರ್ತಿ ಮುಟ್ಟಿಸಲು ವಾರದಲ್ಲಿ ಅರ್ಧ ದಿನ ರಸ್ತೆಯ ಮೇಲೇ ಇರುವವಳಿಗೆ ಈ ಹಾಳು ಗಾಡಿ ಕೈಯನ್ನು ಅದುರಿಸಿ ಅದುರಿಸಿ ಜೋಮು ಹಿಡಿಸಿದೆ, ಮತ್ತೇನಿಲ್ಲ. ಗಾಡಿ ಸರಿಯಾದರೆ ಕೈಯೂ ಸರಿಯಾಗುತ್ತದೆ. ಇಷ್ಟು ಲೆಕ್ಕ ಹಾಕಿದವಳು ಗಾಡಿಯನ್ನು ಸರಿಮಾಡಿಸಬೇಕಿತ್ತು ತಾನೆ? ಮಾಡಿಸಲಿಲ್ಲ. ಗಾಡಿ ಸರಿಯಾಗಿಯೂ ಕೈ ಸರಿಯಾಗದಿದ್ದರೆ? ಆ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ಅವಳು ಮಗ್ಗುಲು ಬದಲಿಸಿ ಮಲಗುತ್ತಿದ್ದಳು.

ಗಂಡ ಶಿವಮೂರ್ತಿಗೆ ಮಾಸ್ತಿಕಟ್ಟೆಯ ಹತ್ತಿರ ಮಾಣಿ ಅಣೆಕಟ್ಟಿನಲ್ಲಿ ಕೆಲಸ. ಶನಿವಾರ ಮನೆಗೆ ಬರುವವನು, ಬಂದವನೇ ಗಾಡಿ ಓಡಿಸಿ ನೋಡಿ ಗೊಣಗುವವನು. "ಅಲೈನ್‌ಮೆಂಟ್ ಮಾಡ್ಸು ಅಂತ ಎಷ್ಟ್ ಸಲ ಹೇಳದು ಮಾರಾಯ್ತಿ? ಟೈರು ಒಂದ್ ಕಡೆ ಸವೆದು ಬೋಳಾಗಿದೆ. ಎಡಕ್ಕೆ ಎಳೀತದೆ, ಮೇಲಿಂದ ಈ ನಡುಕ ಬೇರೆ." ಶ್ಯಾಮಲಾ ಹೂಂ ಅನ್ನುತ್ತಿದ್ದಳು. ಸೋಮವಾರ ಅವನು ಹೋದ ಮೇಲೆ ಆ ಹೂಂ ಕೂಡ ಅವನ ಹಿಂದೆಯೇ ಬಸ್ಸು ಹತ್ತಿ ಹೋಗುತ್ತಿತ್ತು.

ತೀರ್ಥಹಳ್ಳಿಯ ಹೂವಮ್ಮನವರ ದೇವಿ ಇಲ್ಲದಿದ್ದರೆ ಇದು ಹೀಗೆಯೇ ಇನ್ನಷ್ಟು ದಿನ ನಡೆಯುತ್ತಿತ್ತು. ಹೂವಮ್ಮ ಗೌಡರ ಮನೆಯವರು, ಅಕ್ಕಿ ಗಿರಣಿ ನಡೆಸುವ ಗಟ್ಟಿ ಹೆಂಗಸು. ಅವರ ಮನೆದೇವಿಯ ಹಳೆಯ ಮರದ ಮೂರ್ತಿಗೆ ಬುಡದಿಂದ ಹುಳು ಹಿಡಿದಿತ್ತು. ಅದನ್ನು ಕೆತ್ತಿದವನು ಗಿರಿಯಪ್ಪ. ಹೊಸದನ್ನು ಮಗಳು ಕೆತ್ತಲಿ ಎಂದು ಅವರು ಹೇಳಿ ಕಳಿಸಿದ್ದರು. ಆಷಾಢದಲ್ಲಿ ಮರ ಸಿಕ್ಕಿತು, ದೀಪಾವಳಿ ಹೊತ್ತಿಗೆ ಮೂರ್ತಿ ಮುಗಿಯಿತು, ಕಣ್ಣು ಮಾತ್ರ ಬಿಟ್ಟು. ದೇವಿಯ ಕಣ್ಣನ್ನು ಅವಳು ನೆಲೆಯಾಗುವ ಮನೆಯಲ್ಲೇ ಬಿಡಿಸಬೇಕು. ಅಲ್ಲಿಯವರೆಗೆ ಕಣ್ಣಿನ ಜಾಗದಲ್ಲಿ ನುಣುಪಾದ ಉಬ್ಬು ಮಾತ್ರ. ಎರಡು ರೆಪ್ಪೆಯ ಗೆರೆ, ನಡುವೆ ಕಣ್ಣಪಾಪೆಯ ಒಂದು ಬೊಂಬೆ, ಅಷ್ಟೇ ಕೆಲಸ. ಕೂದಲಿನಷ್ಟು ಆಚೀಚೆಯಾದರೂ ದೇವಿ ಮೆಳ್ಳೆಗಣ್ಣಿಯಾಗುತ್ತಾಳೆ, ಕಣ್ಣನ್ನು ಅಳಿಸಿ ಮತ್ತೆ ಕೆತ್ತುವಂತಿಲ್ಲ. ಶುಕ್ರವಾರ ಬೆಳಿಗ್ಗೆಗೆ ಮುಹೂರ್ತ ನಿಶ್ಚಯವಾಯಿತು.

"ದೇವಿ ಕೂರ ಗಾಡಿ ಹಂಗೆ ಕುಣೀತಾ ಹೋಗದಾ?" ಎಂದು ಫೋನಿನಲ್ಲೇ ರೇಗಿದ ಶಿವಮೂರ್ತಿ, ಗ್ಯಾರೇಜಿನ ದೀಪಕ್‌ಗೂ ತಾನೇ ಫೋನು ಮಾಡಿ ಗುರುವಾರಕ್ಕೆ ಗೊತ್ತುಮಾಡಿಬಿಟ್ಟ. ಇನ್ನು ಹೂಂ ಅಂದು ತಪ್ಪಿಸಿಕೊಳ್ಳುವಂತಿರಲಿಲ್ಲ.

ದೀಪಕ್‌ನ ಗ್ಯಾರೇಜು ಜೋಗದ ರಸ್ತೆಯಲ್ಲಿ. ಅವನಿಗೆ ಕೆಲಸವೂ ಜಾಸ್ತಿ, ಮಾತೂ ಜಾಸ್ತಿ.

"ಅಲೈನ್‌ಮೆಂಟ್ ಮಾಡ್ಸ್ಬೇಕಂತೆ" ಎಂದಳು ಶ್ಯಾಮಲಾ, ಯಾರದೋ ಗಾಡಿಯ ಸುದ್ದಿ ಹೇಳುವಂತೆ.

"ಎಂತ ಆಗ್ತದೆ ಅಕ್ಕ? ಎಳೀತದಾ, ನಡುಗ್ತದಾ?"

"ಎರಡೂ."

"ಹಂಗಾದ್ರೆ ಎರಡು ಕಾಯಿಲೆ. ನಮ್ ಸಾಗರದೋರಿಗೆ ಹೊಟ್ಟೇಲಿ ಎಂತ ಆದ್ರೂ ಗ್ಯಾಸು, ಗಾಡಿಗೆ ಎಂತ ಆದ್ರೂ ಅಲೈನ್‌ಮೆಂಟು." ದೀಪಕ್ ತನ್ನ ಹಾಸ್ಯಕ್ಕೆ ತಾನೇ ನಕ್ಕು, ಗಾಡಿಯನ್ನು ಮೇಲೆತ್ತಿ, ಚಕ್ರಗಳನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಸಡಿಲವಾದದ್ದು ಏನೂ ಇರಲಿಲ್ಲ. ಟೈರಿಗೆ ಗಾಳಿ ಸಮ ಮಾಡಿದ. ಆಮೇಲೆ ಚಕ್ರಗಳಿಗೆ ಕಬ್ಬಿಣದ ಹಿಡಿಕೆಗಳನ್ನು ಕಚ್ಚಿಸಿ, ಪರದೆಯ ಮೇಲಿನ ಕೆಂಪು ಅಂಕಿಗಳು ಒಂದೊಂದಾಗಿ ಹಸಿರಾಗುವವರೆಗೆ ಗಾಡಿಯ ಕೆಳಗೆ ಮಲಗಿ ಏನೇನೋ ತಿರುಗಿಸಿದ. ಶ್ಯಾಮಲಾ ಆ ಅಂಕಿಗಳನ್ನೇ ನೋಡುತ್ತಾ ನಿಂತಿದ್ದಳು. ಒಂದೊಂದು ಹಸಿರಾದಾಗಲೂ ಇನ್ನೆಷ್ಟು ಕೆಂಪು ಉಳಿದಿವೆ ಎಂದು ಎಣಿಸುತ್ತಿದ್ದಳು.

ಇಬ್ಬರೂ ಗಾಡಿಯನ್ನು ಊರಾಚೆ ಓಡಿಸಿ ನೋಡಿದರು. ಎಡಕ್ಕೆ ಎಳೆಯುವುದು ಪೂರ್ತಿ ನಿಂತಿತ್ತು. ದೀಪಕ್ ಕೈಬಿಟ್ಟರೂ ಗಾಡಿ ಗೆರೆ ಹೊಡೆದ ಹಾಗೆ ಹೋಯಿತು. ಆದರೆ ಅರವತ್ತು ದಾಟಿತು, ಗುರ್ ಎಂದು ಅದೇ ನಡುಕ ಬಂತು. ಶ್ಯಾಮಲಾ ಪಕ್ಕದ ಸೀಟಿನಲ್ಲಿ ಜೋರಾಗಿ ನಕ್ಕುಬಿಟ್ಟಳು.

"ನಗದು ಎಂತಕ್ಕೆ ಅಕ್ಕ? ಸರಿಯಾಗ್ಲಿಲ್ಲಲ್ಲ!"

"ಇರ್ಲಿ ಬಿಡು ದೀಪಕ್. ಇಷ್ಟ್ ಆಯ್ತಲ್ಲ, ಸಾಕು. ನಾ ಹೋಗ್ತೀನಿ."

"ಅರ್ಧ ಕ್ಷೌರ ಮಾಡಿ ಕಳ್ಸಕಾಗ್ತದಾ? ಶಿವಮೂರ್ತಿಯಣ್ಣ ನನ್ ಮರ್ಯಾದೆ ತೆಗೀತಾರೆ. ಎಳೆಯದು ಅಲೈನ್‌ಮೆಂಟಿಂದು, ಅದು ಹೋಯ್ತು. ನಡುಗದು ಬ್ಯಾಲೆನ್ಸಿಂಗಿಂದು. ಚಕ್ರದಲ್ಲಿ ಒಂದ್ ಕಡೆ ತೂಕ ಹೆಚ್ಚಾಗಿರ್ತದೆ. ಕೂತ್ಕಳಿ, ಈಗ ಆಗ್ತದೆ."

ಗ್ಯಾರೇಜಿನ ಮುಂದೆ ಮಾವಿನ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಊಟದ ಹೊತ್ತು ದಾಟಿತ್ತು, ಬಿಸಿಲು ಎಲೆಗಳ ನಡುವಿಂದ ಹಿಟ್ಟು ಜರಡಿ ಹಿಡಿದ ಹಾಗೆ ಉದುರುತ್ತಿತ್ತು. ಒಳಗೆ ಯಂತ್ರ ಚಕ್ರವನ್ನು ತಿರುಗಿಸಲು ಶುರುಮಾಡಿತು. ಗುಂಯ್ ಎನ್ನುವ ಸದ್ದು ಏರುವುದು, ನಿಲ್ಲುವುದು, ಮತ್ತೆ ಏರುವುದು. ಶ್ಯಾಮಲಾಳ ಕಣ್ಣು ಯಾವಾಗ ಮುಚ್ಚಿತೋ ಅವಳಿಗೇ ತಿಳಿಯಲಿಲ್ಲ.

ಗ್ಯಾರೇಜಿನ ಮುಂದೆ ಉದ್ದಕ್ಕೆ ಬೆಂಚು ಹಾಕಿತ್ತು. ಬೆಂಚಿನ ಮೇಲೆ ದೇವರುಗಳು ಸಾಲಾಗಿ ಕೂತಿದ್ದರು, ಎಲ್ಲರ ಮುಖದ ಮೇಲೂ ಕೆಂಪು ಬಟ್ಟೆ. ಯಾರಿಗೂ ಕಣ್ಣು ಬಿಡಿಸಿರಲಿಲ್ಲ. ದೀಪಕ್ ಹೆಸರು ಕೂಗುತ್ತಿದ್ದ, ಒಬ್ಬೊಬ್ಬರೂ ತಡವರಿಸುತ್ತಾ ಎದ್ದು ಒಳಗೆ ಹೋಗುತ್ತಿದ್ದರು. ಕೊನೆಗೆ ಹೂವಮ್ಮನವರ ದೇವಿ ಉಳಿದಳು. ಅವಳು ಶ್ಯಾಮಲಾಳ ಕಡೆ ತಿರುಗಿ, "ನಿನ್ ಕೈ ಎಲ್ಲೇ?" ಎಂದಳು. ಶ್ಯಾಮಲಾ ನೋಡಿಕೊಂಡಳು, ಕೈ ಇರಲಿಲ್ಲ. ಒಳಗೆ ಯಂತ್ರದ ಮೇಲೆ ಅವಳ ಎರಡು ಕೈಗಳು ಗಿರಗಿರನೆ ತಿರುಗುತ್ತಿದ್ದವು. ಎಷ್ಟು ಚೆಂದ ತಿರುಗುತ್ತಿದ್ದವು ಎಂದರೆ ಅವಳಿಗೆ ಹೆದರಿಕೆಯೇ ಆಗಲಿಲ್ಲ. ದೀಪಕ್ ತಲೆ ಕೆರೆದುಕೊಳ್ಳುತ್ತಾ, "ಅಕ್ಕ, ಇದಕ್ಕೆ ತೂಕ ಎಲ್ಲಿ ಹಚ್ಚದು?" ಎಂದು ಕೇಳಿದ.

"ಅಕ್ಕ! ಅಕ್ಕ, ಇಲ್ ನೋಡಿ!"

ಎಚ್ಚರವಾಯಿತು. ಎದುರಿಗೆ ದೀಪಕ್ ನಿಂತಿದ್ದ, ಕೈಯಲ್ಲಿ ಒಣಗಿದ ಕೆಮ್ಮಣ್ಣಿನ ದೊಡ್ಡ ಹೆಂಟೆ. ಚಕ್ರದ ಒಳಬದಿಗೆ ಸಿಮೆಂಟಿನ ಹಾಗೆ ಕಚ್ಚಿ ಕೂತಿತ್ತಂತೆ. ಮಳೆ ನಿಂತ ಮೇಲೆ ಒಣಗಿ, ಒಂದು ಬದಿಯದು ಉದುರಿ, ಇನ್ನೊಂದು ಬದಿಯದು ಉಳಿದಿದೆ. ಚಕ್ರ ಜೋರಾಗಿ ತಿರುಗಿದಾಗ ಆ ಬದಿಯ ಭಾರವೇ ಸ್ಟೇರಿಂಗನ್ನು ಅಲ್ಲಾಡಿಸುತ್ತಿದ್ದುದು. "ತೂಕ ಸಮ ಮಾಡಕೆ ಅಂಟಿಸಿದ್ ಸೀಸದ ತುಂಡೂ ಉದುರಿ ಹೋಗಿತ್ತು. ಹೊಸದು ಹಚ್ಚಿದೀನಿ. ಎಲ್ಲಿ ಕೆಸರಿಗೆ ಇಳ್ಸಿದ್ರಿ?"

ಇಕ್ಕೇರಿಯ ಆಚೆ, ಗದ್ದೆಯಂಚಿನ ದಾರಿಯಲ್ಲಿ. ಯಾರದೋ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಹಲಸಿನ ದಿಮ್ಮಿ ಇದೆ ಎಂದು ಕೇಳಿ, ಆಷಾಢದ ಮಳೆಯಲ್ಲೇ ಹೋಗಿ ಹೂತು, ನಾಲ್ಕು ಜನ ನೂಕಿ ಮೇಲೆತ್ತಿದ್ದರು. ದೇವಿಯನ್ನು ತರಲು ಹೋದಾಗ ಅಂಟಿದ ಮಣ್ಣು ಇದು. ಶ್ಯಾಮಲಾ ಹೆಂಟೆಯನ್ನು ಕೈಗೆ ತೆಗೆದುಕೊಂಡಳು. ಇಷ್ಟು ದಿನ ತನ್ನನ್ನು ಕಾಪಾಡಿದ್ದು ಇಷ್ಟೇ ಮಣ್ಣು. ಅವಳಿಗೆ ಅಳು ಬಂತು, ದೀಪಕ್ ಎದುರಿಗಿದ್ದ ಎಂದು ನುಂಗಿಕೊಂಡಳು.

"ಓಡ್ಸಿ ನೋಡನಾ ಅಕ್ಕ?"

"ಬೇಡ. ನಾಳೆ ಹೆಂಗೂ ಹೋಗ್ತೀನಲ್ಲ" ಎಂದಳು. ಮನೆಗೆ ಹೋಗುವಾಗ ಅವಳು ನಲವತ್ತು ದಾಟಲಿಲ್ಲ.

ಶುಕ್ರವಾರ ಬೆಳಗಿನ ಮಂಜು ಎಂದಿಗಿಂತ ದಟ್ಟವಾಗಿತ್ತು. ಹಿಂದಿನ ಸೀಟಿನಲ್ಲಿ ದೇವಿಯನ್ನು ಕೂರಿಸಿ ಬೆಲ್ಟು ಹಾಕಿ ಮುಖಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾಯಿತು. ಮುಂದೆ ಗಿರಿಯಪ್ಪ ಶಾಲು ಹೊದ್ದು, ಕೈಗಳನ್ನು ಶಾಲಿನೊಳಗೆ ಅಡಗಿಸಿ ಕೂತ. ಅವನ ಹಳೆಯ ದೇವಿಯನ್ನು ಆ ಸಂಜೆ ತುಂಗೆಗೆ ಬಿಡುವುದಿತ್ತು. ಕೊನೆಯದಾಗಿ ಒಮ್ಮೆ ನೋಡುತ್ತೇನೆ ಎಂದು ಹಟ ಮಾಡಿ ಹೊರಟಿದ್ದ.

"ಹಿಂದ್ ಕೂತವಳಿಗೆ ಬೆಲ್ಟ್ ಹಾಕಿದಿ, ನಂಗ್ ಹಾಕ್ಲಿಲ್ಲ" ಎಂದ.

"ನೀನ್ ಹಾಕ್ಕ ಅಪ್ಪಯ್ಯ."

"ನಾನ್ ಹಾಕ್ಕಂಬಷ್ಟ್ರಲ್ಲಿ ತೀರ್ಥಹಳ್ಳಿ ಬತ್ತದೆ."

ಶ್ಯಾಮಲಾ ಬಗ್ಗಿ ಬೆಲ್ಟು ಹಾಕಿದಳು. ಗಾಡಿ ಹೊರಟಿತು. ಮಂಜಿನೊಳಗೆ ಸಾಗರ ಕರಗಿತು. ಬಟ್ಟೆಮಲ್ಲಪ್ಪದ ಅಂಗಡಿಗಳು ತೇಲಿ ಬಂದು ತೇಲಿ ಹೋದವು. ರಸ್ತೆ ನೇರವಾಯಿತು. ಐವತ್ತು. ಐವತ್ತೈದು. ಅರವತ್ತು. ಅರವತ್ತೈದು. ಎಪ್ಪತ್ತು.

ಏನೂ ಇಲ್ಲ. ಸ್ಟೇರಿಂಗು ಹಸುಗೂಸಿನ ಹಾಗೆ ಅವಳ ಕೈಯಲ್ಲಿ ನಿದ್ದೆಹೋಗಿತ್ತು. ಗಾಡಿ ನೆಲ ಮುಟ್ಟಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಿಳಿಯ ಒಳಗೆ ಬಿಳಿ, ಸದ್ದಿಲ್ಲದ ಚಲನೆ, ಕನ್ನಡಿಯಲ್ಲಿ ಕೆಂಪು ಬಟ್ಟೆಯ ಒಂದು ಮುಖ. ಹೀಗೆಯೇ ಎಲ್ಲಿಯೂ ತಲುಪದೆ ಹೋಗುತ್ತಲೇ ಇರಬಾರದೇ ಎಂದು ಅವಳಿಗೆ ತೀವ್ರವಾಗಿ ಅನಿಸಿತು.

ದಾರಿಬದಿಯಲ್ಲಿ ಒಂದು ಪುಟ್ಟ ಚೌಡಿ ಗುಡಿ ಬಂತು. ಗಾಡಿ ಓಡಿಸುವವರು ಯಾರೇ ಆಗಲಿ, ಅಲ್ಲಿ ಸ್ಟೇರಿಂಗಿನಿಂದ ಬಲಗೈ ಎತ್ತಿ ಹಣೆಗೂ ಎದೆಗೂ ಮುಟ್ಟಿಸದೆ ಮುಂದೆ ಹೋಗುವುದಿಲ್ಲ. ಶ್ಯಾಮಲಾ ಅಭ್ಯಾಸದಂತೆ ಕೈ ಎತ್ತಿದಳು. ಎತ್ತಿದ ಕೈಯನ್ನು ಮಂಜಿನ ಬೆಳಕಿನಲ್ಲಿ, ಗಾಜಿನ ಎದುರಿಗೆ, ನೋಡಿದಳು.

ತೋರುಬೆರಳು ನಡುಗುತ್ತಿತ್ತು. ಸ್ವಲ್ಪವೇ. ಗಾಡಿ ನಡುಗುತ್ತಿರಲಿಲ್ಲ, ರಸ್ತೆ ನಡುಗುತ್ತಿರಲಿಲ್ಲ, ಬೆರಳು ಮಾತ್ರ.

ಹಣೆಗೆ ಮುಟ್ಟಿಸಿಕೊಂಡು ಕೈಯನ್ನು ಮತ್ತೆ ಸ್ಟೇರಿಂಗಿನ ಮೇಲಿಟ್ಟಳು. ಪಕ್ಕಕ್ಕೆ ನೋಡಿದಳು. ಗಿರಿಯಪ್ಪ ಕಿಟಕಿಯಾಚೆ ಮುಖ ಮಾಡಿದ್ದ. ಆಮೇಲೆ ಹೊಸನಗರ ಬಂತು, ಹೋಯಿತು. ಮಂಜು ಹರಿದ ಕಡೆ ಹಿನ್ನೀರು ಹೊಳೆಯಿತು, ಮತ್ತೆ ಮುಚ್ಚಿತು. ಅಪ್ಪ ಏನೋ ಹಳೆಯ ಕತೆ ಹೇಳುತ್ತಿದ್ದ, ಅವಳು ಹೂಂ ಅನ್ನುತ್ತಿದ್ದಳು. ಇನ್ನು ಮುಂದೆ ತಾನು ಗೋಡೆಗೆ ಒರಗಿ ಕೂತು ಯಾರ ಬೆರಳಿನ ಹಿಂದೆ ಬೆರಳಾಡಿಸಲಿ? ಎದುರಿಗೆ ಕೂತು ಕೆತ್ತುವವರು ಕೂಡ ಇಲ್ಲವಲ್ಲ. ಗಾಡಿ ಮಾತ್ರ ಬಲು ಸುಖವಾಗಿ ಓಡುತ್ತಿತ್ತು.

ಹೂವಮ್ಮನವರ ಮನೆ ಗಿರಣಿಯ ಹಿಂದೆಯೇ. ಮಂಜು ಅಲ್ಲಿ ಅಕ್ಕಿತೌಡಿನ ವಾಸನೆ ಹೊತ್ತುಕೊಂಡಿತ್ತು. ಹೂವಮ್ಮ ಆರತಿ ಹಿಡಿದು ಬಾಗಿಲಿಗೇ ಬಂದರು, ಆರತಿ ಎತ್ತುತ್ತಲೇ ಆಳುಗಳನ್ನು ಬೈದರು, ಬೈಯುತ್ತಲೇ ಕಾಫಿಗೆ ಹೇಳಿದರು. ಹೊಸ ದೇವಿ ದೇವರ ಕೋಣೆಯಲ್ಲಿ ಕೂತಳು. ಹಳೆಯವಳು ಅವಳ ಪಕ್ಕದಲ್ಲೇ, ಬುಡ ಸವೆದು ಕೊಂಚ ವಾಲಿಕೊಂಡು, ಇದ್ದಳು.

"ದಾರಿ ಹೆಂಗಿತ್ತು ಗಿರಿಯಪ್ಪನೋರೆ? ನಿನ್ನೆ ಗಾಡಿ ರಿಪೇರಿ ಆಯ್ತಂತಲ್ಲ?" ಎಂದು ಕೇಳಿದರು ಹೂವಮ್ಮ.

ಉತ್ತರ ಕೊಟ್ಟದ್ದು ಶ್ಯಾಮಲಾ. ಕೊಟ್ಟದ್ದು ಹೂವಮ್ಮನವರಿಗಲ್ಲ. "ಗಾಡಿ ಸರಿಯಾಯ್ತು ಅಪ್ಪಯ್ಯ" ಎಂದಳು. "ನಡುಕ ಹೋಗ್ಲಿಲ್ಲ."

"ಅಯ್ಯೋ, ಈ ಗ್ಯಾರೇಜಿನೋರ ಬಾಳೇ ಇಷ್ಟು!" ಹೂವಮ್ಮ ಹೊತ್ತಿಕೊಂಡರು. "ನಮ್ ಲಾರೀನ ವಾರ ಇಟ್ಕಂಡು ಹಂಗೇ ವಾಪಸ್ ಕೊಟ್ಟಿದ್ರು. ಬಿಡ್ಬೇಡ, ಹೋಗಿ ಸಮಾ ಕೇಳು." ಇಷ್ಟು ಹೇಳಿ, ಎಲ್ಲರನ್ನೂ ಹೊರಗೆ ಅಟ್ಟತೊಡಗಿದರು. "ನಡೀರಿ ನಡೀರಿ, ಕಣ್ ಬಿಡ್ಸಬೇಕಾದ್ರೆ ಯಾರೂ ನೋಡ್ಬಾರ್ದು. ಶಾಸ್ತ್ರ ಇದೆ." ಗಿರಿಯಪ್ಪನನ್ನು ಮಾತ್ರ ಅಟ್ಟಲಿಲ್ಲ, ಅವನೂ ಗುಡಿಗಾರನೇ ತಾನೆ. ಬಾಗಿಲು ಮುಚ್ಚಿತು. ಒಳಗೆ ಎರಡು ದೀಪ, ಇಬ್ಬರು ದೇವಿಯರು, ಅಪ್ಪ ಮತ್ತು ಮಗಳು ಉಳಿದರು.

ಗಿರಿಯಪ್ಪ ಹಳೆಯ ದೇವಿಯ ಎದುರಿಗೆ ಹೋಗಿ ನಿಂತ. ಮತ್ತೆ, "ಯಾವಾಗಿಂದ?" ಎಂದ.

"ನವರಾತ್ರಿ ಮುಗಿದ ಮೇಲಿಂದ."

"ನಂದು ನೀ ಹುಟ್ಟಿದ್ ವರ್ಷದಿಂದ. ಮೊದ್ಲು ಸಣ್ಣ ಉಳಿ ಹಿಡಿದಾಗ ಮಾತ್ರ."

ಶ್ಯಾಮಲಾಗೆ ಕೇಳಿದ್ದು ಅರ್ಥವಾಗಲಿಲ್ಲ. ಗಿರಿಯಪ್ಪ ದೀಪವನ್ನು ಎತ್ತಿಕೊಂಡು ಹಳೆಯ ದೇವಿಯ ಮುಖದ ಹತ್ತಿರ ಹಿಡಿದ. ದೀಪ ಅವನ ಕೈಯಲ್ಲಿ ಕುಣಿಯಿತು. "ಹತ್ರ ಬಂದ್ ನೋಡು. ಗೆರೆ ನೋಡು."

ನೋಡಿದಳು. ಹೂವಮ್ಮನವರ ಮನೆಯವರು ಮಾತ್ರವಲ್ಲ, ಕಂಡವರೆಲ್ಲ ಹೇಳುತ್ತಿದ್ದರು, ಗಿರಿಯಪ್ಪ ಬಿಡಿಸಿದ ದೇವರ ಕಣ್ಣು ಮಿಸುಕುತ್ತದೆ ಎಂದು. ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತದೆ, ನೋಡುತ್ತಾ ನೋಡುತ್ತಾ ರೆಪ್ಪೆ ಅಲುಗುತ್ತದೆ ಎಂದು. ಅಷ್ಟು ಹತ್ತಿರದಿಂದ ಆ ಕಣ್ಣನ್ನು ಯಾರೂ ನೋಡಿರಲಿಲ್ಲ. ರೆಪ್ಪೆಯ ಗೆರೆ ನೇರವಾಗಿರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ, ನೀರ ಅಂಚಿನ ಹಾಗೆ, ಸಣ್ಣಗೆ ನಡುಗಿಕೊಂಡೇ ಹೋಗಿತ್ತು.

"ಯಾರೂ ನೋಡ್ಬಾರ್ದು ಅನ್ನದು ಶಾಸ್ತ್ರ ಅಲ್ಲ ಮಗಳೇ" ಎಂದ ಗಿರಿಯಪ್ಪ. "ಅದು ನನ್ ಕೈ. ನಾನೇ ಬಾಗ್ಲು ಹಾಕ್ಸಿದ್ದು. ಈ ಸೀಮೆಯೋರೆಲ್ಲ ಶಾಸ್ತ್ರ ಅಂದ್ಕಂಡ್ರು, ನಾನೂ ಸುಮ್ನಾದೆ."

ಶ್ಯಾಮಲಾಗೆ ಸಿಟ್ಟು ನೆತ್ತಿಗೇರಿತು. ಅವಳಿಗೆ ಅವನು ಕಣ್ಣಿನ ಕೆಲಸ ಕಲಿಸಿದ್ದೆಲ್ಲ ಬರೀ ಬಾಯಲ್ಲಿ. ಹೀಗೆ ಹಿಡಿ, ಇಲ್ಲಿಂದ ಎಳೆ. ಒಮ್ಮೆಯೂ ತಾನು ಬಿಡಿಸುವುದನ್ನು ತೋರಿಸಿರಲಿಲ್ಲ. "ಇಷ್ಟ್ ವರ್ಷ ಎಂತಕ್ಕೆ ಹೇಳ್ಲಿಲ್ಲ ನಂಗೆ?"

"ನೀ ಹೇಳಿದ್ಯಾ ನಂಗೆ? ನವರಾತ್ರಿಯಿಂದ ಗಾಡಿ ಮೇಲೆ ಹಾಕ್ಕಂಡು ತಿರುಗ್ತಿದೀಯ."

ಅವಳ ಸಿಟ್ಟು ಹಾಗೇ ನಿಂತಲ್ಲೇ ಅಳುವಾಯಿತು. ಇಲ್ಲಿ ಹೊರಗಿನವರು ಯಾರೂ ಇರಲಿಲ್ಲ, ನುಂಗಿಕೊಳ್ಳದೆ ಅತ್ತಳು. ಗಿರಿಯಪ್ಪ ಶಾಲಿನ ತುದಿಯಿಂದ ಅವಳ ಮುಖ ಒರೆಸಲು ಹೋಗಿ, ಕೈ ನಡುಗಿ ಮೂಗನ್ನೂ ಕಿವಿಯನ್ನೂ ಒರೆಸಿದ. ಅವಳು ಅಳುತ್ತಲೇ ನಕ್ಕಳು.

"ಆಮೇಲೆ ಪೂರಾ ಬಿಡ್ಬೇಕಾಯ್ತಲ್ಲ ನೀನು" ಎಂದಳು.

"ಬಿಟ್ಟೆ. ಉಳಿ ಹಿಡ್ಕಣಕೇ ಆಗದಾದಾಗ ಬಿಟ್ಟೆ. ನಿಂಗೂ ಒಂದಿನ ಆಗ್ಬಹುದು. ಇವತ್ತಲ್ಲ." ಅವನು ದೀಪವನ್ನು ಕೆಳಗಿಟ್ಟು ಕೂತ. "ಹೋಗ್ಲಿ ಅಂತ ಕಾದಿದ್ದೆ ನಾನೂ, ಮೊದ್ಲು ಮೊದ್ಲು. ಅದು ನಿಲ್ಲ ತನಕ ಕಾದ್ರೆ ದೇವಿ ಕುರುಡಿಯಾಗೇ ಇರ್ತಾಳೆ. ಉಳಿ ತಗ."

ಶ್ಯಾಮಲಾ ಎಣ್ಣೆಬಟ್ಟೆ ಬಿಚ್ಚಿ ಎಲ್ಲಕ್ಕಿಂತ ಸಣ್ಣ ಉಳಿಯನ್ನು ತೆಗೆದಳು. ದೇವಿಯ ಮುಖದ ಬಟ್ಟೆ ಸರಿಸಿದಳು. ಕಣ್ಣಿಲ್ಲದ ಮುಖ ತಾಳ್ಮೆಯಿಂದ ಕಾಯುತ್ತಿತ್ತು. ಉಳಿಯ ತುದಿ ಗಾಳಿಯಲ್ಲಿ ಬರೆಯಿತು. ಅವಳು ಅದು ನಿಲ್ಲಲಿ ಎಂದು ಕಾಯಲಿಲ್ಲ. ಬರೆಯುತ್ತಿರುವಂತೆಯೇ ಮರಕ್ಕೆ ಇಳಿಸಿದಳು. ಗಿರಣಿ ದೂರದಲ್ಲಿ ಗುಂಯ್‌ಗುಡುತ್ತಿತ್ತು, ದೀಪದ ಬೆಳಕು ಹಲಸಿನ ಹಳದಿಯ ಮೇಲೆ ತೂಗುತ್ತಿತ್ತು, ಎಷ್ಟು ಹೊತ್ತು ಹಿಡಿಯಿತೋ ಅವಳಿಗೆ ಗೊತ್ತಾಗಲಿಲ್ಲ. ಎದುರಿಗೆ ಕೂತ ಅಪ್ಪನ ಬೆರಳುಗಳು ಶಾಲಿನೊಳಗೆ ಆಡುತ್ತಿದ್ದವು. ಅವಳ ಕೈಯನ್ನು ನೋಡಬಾರದೆಂದು ಅವನು ಮುಖ ತಿರುಗಿಸಲಿಲ್ಲ, ಅವಳೂ ಮರೆಮಾಡಲಿಲ್ಲ. ಒಂದು ರೆಪ್ಪೆ. ಇನ್ನೊಂದು. ಬೊಂಬೆ.

ಕಣ್ಣು ಬಿಟ್ಟ ದೇವಿಗೆ ಮೊದಲು ಕನ್ನಡಿ ತೋರಿಸಬೇಕು. ಕನ್ನಡಿ ಹಿಡಿದವನು ಗಿರಿಯಪ್ಪ. ಅದು ಅವನ ಕೈಯಲ್ಲಿ ನಡುಗಿತು, ಅದರೊಳಗೆ ದೇವಿ ಅತ್ತಿತ್ತ ನೋಡಿದಳು, ಈಗಷ್ಟೇ ಎದ್ದವರು ತಾನೆಲ್ಲಿದ್ದೇನೆ ಎಂದು ನೋಡುವಂತೆ.

ಶ್ಯಾಮಲಾ ಎದ್ದು ಬಾಗಿಲು ತೆಗೆದಳು. ಹೂವಮ್ಮ ಆಗಲೇ ಗಿರಣಿಯ ಯಾರನ್ನೋ ಬೈಯುತ್ತಾ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತೌಡು ಮೆತ್ತಿದ ಕೈಯಲ್ಲೇ ಒಳಗೆ ಕಾಲಿಟ್ಟರು. ದೇವಿಯ ಕಣ್ಣು ಅವರ ಮೇಲೇ ಇತ್ತು. ಅವರೂ ಅವಳ ಕಡೆ ನೋಡಿದರು. ಸೊಂಟದಿಂದ ಸೆರಗನ್ನು ಬಿಡಿಸಿ, ಕೊಡವಿ, ಮನೆಗೆ ಹಿರಿಯರು ಬಂದಾಗ ಮಾಡುವಂತೆ ಹೆಗಲ ತುಂಬ ಹೊದ್ದುಕೊಂಡರು.